ಹೋಸ್ಟೆಟರನ ಸೋದರತ್ತೆ

ಇಪ್ಪತ್ತಾರು ವರ್ಷ ಒಂದು ಸಂಘದ ಸದಸ್ಯನಾಗಿದ್ದು, ಅದರ ಪತ್ರಿಕೆಯಲ್ಲಿ ಒಂದು ಸಲವಾದರೂ ಹೆಸರು ಅಚ್ಚಾಗದಂತೆ ಉಳಿಯುವುದು ಸುಲಭದ ಕೆಲಸವಲ್ಲ. ಅದಕ್ಕೂ ಒಂದು ಬಗೆಯ ಪ್ರತಿಭೆ ಬೇಕು. ಇಂಡಿಯಾನಾದ ಪೇಟನ್ಸ್‌ವಿಲ್ ಊರಿನ ಮರ್ಲ್ ಹೋಸ್ಟೆಟರನಿಗೆ ಆ ಪ್ರತಿಭೆ ಧಾರಾಳವಾಗಿ ಇತ್ತು.

ಸಂಘವೆಂದರೆ ಅಂತಿಂಥದ್ದಲ್ಲ. 'ಬಾವಿಯಾಚೆಯ ನಾಡು' ಎಂಬ ಮಕ್ಕಳ ಕಥಾಮಾಲೆಯ ಅಭಿಮಾನಿಗಳ ಸಂಘ. ಬಾವಿಯೊಳಗೆ ಬಿದ್ದ ಹುಡುಗಿ ಇನ್ನೊಂದು ನಾಡಿನಲ್ಲಿ ಎದ್ದು, ಒಂಟಿಕಾಲಿನ ಕೊಕ್ಕರೆ ರಾಜನ ಆಸ್ಥಾನ ಸೇರುವ ಹನ್ನೊಂದು ಪುಸ್ತಕಗಳ ಕಥೆ ಅದು. ಬರೆದವನು ಆಂಬ್ರೋಸ್ ಫೆಲ್ಕರ್ ಎಂಬ ಪುಣ್ಯಾತ್ಮ. ಊರೂರು ತಿರುಗಿ ಒಲೆ ಮಾರುತ್ತಿದ್ದವನು, ಒಲೆ ಯಾರೂ ಕೊಳ್ಳದ ಕಾರಣ ಕಥೆ ಬರೆದ. 1974ರ ಹೊತ್ತಿಗೆ ಆ ಕಥೆ ಓದಬೇಕಾದ ಮಕ್ಕಳೆಲ್ಲ ಟಿವಿ ಮುಂದೆ ಕೂತಿದ್ದರು. ಓದುತ್ತಿದ್ದವರು ಅರವತ್ತರ ಆಸುಪಾಸಿನ ದೊಡ್ಡಮಕ್ಕಳು. ಅವರಾದರೂ ಓದಿ, ನಕ್ಕು, ಪುಸ್ತಕ ಮುಚ್ಚಿಡುವ ಪೈಕಿಯಲ್ಲ. ಫೆಲ್ಕರ್ ಯಾವ ಕುರ್ಚಿಯಲ್ಲಿ ಕೂತು ಬರೆದ? ಮೂರನೆಯ ಪುಸ್ತಕದ ಮೊದಲ ಮುದ್ರಣದ ರಟ್ಟು ಹಸಿರೋ ಕಡುಹಸಿರೋ? ಓಹಾಯೋದವರೊಬ್ಬರು ಇದನ್ನು ಕಂಡುಹಿಡಿದು ಪತ್ರ ಬರೆದರೆ, ಅಯೋವಾದವರೊಬ್ಬರು ಅದನ್ನು ತಿದ್ದಿ ಪತ್ರ ಬರೆಯುವರು. ಇಬ್ಬರ ಪತ್ರವನ್ನೂ ಓದಿದ ಮೂರನೆಯವರು ರೈಲು ಹತ್ತಿ ಕುರ್ಚಿಯನ್ನೇ ನೋಡಿಬರುವರು. ಹೀಗೆ ಎಲ್ಲರೂ ಕೈಜೋಡಿಸಿ ಕಟ್ಟಿದ ಇತಿಹಾಸ ತಿಂಗಳಿಗೊಮ್ಮೆ 'ಬಾವಿಕಟ್ಟೆ' ಎಂಬ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು.

ಅಚ್ಚಾಗಬೇಕಾದರೆ ಒಂದೇ ಒಂದು ನಿಯಮ. ಯಾವ ಮಾತಿಗೂ ಎರಡು ಕಾಗದದ ಪುರಾವೆ ಬೇಕು. ಒಂದು ಕಾಗದ ಇದ್ದರೆ ಅದು ಗಾಳಿಮಾತು. ಕಾಗದವೇ ಇಲ್ಲದಿದ್ದರೆ ಅದು ಮಾತೂ ಅಲ್ಲ. ಈ ನಿಯಮ ಮಾಡಿದವರು ಸಂಪಾದಕಿ ಥೆಲ್ಮಾ ರಡಿಕ್. ಮೂವತ್ತೆಂಟು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಅವರು ಕನ್ನಡಕದ ಮೇಲಿಂದ ನೋಡಿದರೆ ದೊಡ್ಡ ದೊಡ್ಡ ಗಂಡಸರು ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಲ್ಲುತ್ತಿದ್ದರು.

ಮರ್ಲ್ ಹನ್ನೊಂದು ಪುಸ್ತಕಗಳನ್ನೂ ನಲವತ್ತು ಸಲ ಓದಿದ್ದ. ಆದರೆ ಏನನ್ನೂ ಕಂಡುಹಿಡಿದಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬಣ್ಣ ಮಾರುವ ಮನುಷ್ಯ. ಜುಲೈನಲ್ಲಿ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ವಾರ್ಷಿಕ ಕೂಟಕ್ಕೆ ಕುರ್ಚಿ ಹಾಕುವುದು, ಕಾಫಿ ಕಾಯಿಸುವುದು ಅವನ ಪಾಲಿನ ಸೇವೆ. ಪ್ರತಿ ತಿಂಗಳೂ ಪತ್ರಿಕೆ ಬಂದ ದಿನ ಕೊನೆಯ ಪುಟದಿಂದ ಮೊದಲ ಪುಟದವರೆಗೆ ತನ್ನ ಹೆಸರು ಹುಡುಕುತ್ತಿದ್ದ. ಲೇಖನ ಕಳಿಸದವನ ಹೆಸರು ಹೇಗೆ ಬರುತ್ತದೆ ಎಂದು ಕೇಳಬೇಡಿ. ಆಸೆಗೆ ಅಷ್ಟೆಲ್ಲ ಲೆಕ್ಕಾಚಾರ ಇರುವುದಿಲ್ಲ.

ಆ ವರ್ಷದ ಕೂಟದಲ್ಲಿ ವರ್ಲಿನ್ ಓಕ್ಸ್ ಎಂದಿನಂತೆ ಆಗ್ನೆಸ್ ಬಗ್ಗೆ ಮಾತಾಡಿದ. ವರ್ಲಿನ್ ವೃತ್ತಿಯಲ್ಲಿ ಶವಸಂಸ್ಕಾರದವನು, ಪ್ರವೃತ್ತಿಯಲ್ಲಿ ಅರ್ಪಣೆಗಳ ತಜ್ಞ. 1908ರಲ್ಲಿ ಬಂದ ನಾಲ್ಕನೆಯ ಪುಸ್ತಕದ ಅರ್ಪಣೆ ಹೀಗಿತ್ತು: 'ಒಂಟಿಕಾಲಿನ ರಾಜ ಕಾಲಮೇಲೆ ಕಾಲು ಹಾಕಿ ಕೂರಲಾರನೆಂದು ನನಗೆ ಪತ್ರ ಬರೆದು ತಿಳಿಸಿದ, ಪೇಟನ್ಸ್‌ವಿಲ್ ವಾಲ್ನಟ್ ಬೀದಿಯ ಪುಟ್ಟ ಆಗ್ನೆಸ್‌ಗೆ.' ಎರಡನೆಯ ಪುಸ್ತಕದಲ್ಲಿ ಫೆಲ್ಕರ್ ಆ ಎಡವಟ್ಟು ಮಾಡಿದ್ದು ನಿಜ. ಆದರೆ ಈ ಆಗ್ನೆಸ್ ಯಾರು? ವರ್ಲಿನ್ ಹದಿನೆಂಟು ವರ್ಷದಿಂದ ಹುಡುಕುತ್ತಿದ್ದ. ಸಿಕ್ಕಿರಲಿಲ್ಲ. ಪ್ರತಿ ವರ್ಷ ಭಾಷಣದ ಕೊನೆಗೆ ಅವನು ಕರವಸ್ತ್ರ ತೆಗೆಯುತ್ತಿದ್ದ, ಸಭಿಕರು ಕಣ್ಣೊರೆಸಿಕೊಂಡು ನಿಂಬೆ ಬರ್ಫಿಯ ಕಡೆ ನಡೆಯುತ್ತಿದ್ದರು.

ಅಲ್ಲೇ ಆದದ್ದು ಅನಾಹುತ. ಓಹಾಯೋದಿಂದ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಕಾಫಿ ಲೋಟ ಚಾಚಿ ಮರ್ಲ್‌ನನ್ನು ಕೇಳಿದಳು.

"ನಿಮ್ಮ ಸಂಶೋಧನೆ ಯಾವುದರ ಮೇಲೆ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮರ್ಲ್ ಕುರ್ಚಿಗಳ ಕಡೆ ನೋಡಿದ. ಕಾಫಿ ಹಂಡೆಯ ಕಡೆ ನೋಡಿದ. ಬಾಯಿ ತಾನಾಗಿ ತೆರೆದುಕೊಂಡಿತು.

"ಸಂಶೋಧನೆ ಏನು ಬಂತು ಬಿಡಿ. ಆ ಆಗ್ನೆಸ್ ಇದಾಳಲ್ಲ, ಅವಳು ನಮ್ಮ ಸೋದರತ್ತೆ."

ಅವನಿಗೆ ಆಗ್ನೆಸ್ ಎಂಬ ಸೋದರತ್ತೆ ಇದ್ದದ್ದು ನಿಜ. ಆಕೆ ವಾಲ್ನಟ್ ಬೀದಿಯಲ್ಲಿ ಅವನು ಈಗ ವಾಸವಿರುವ ಮನೆಯಲ್ಲೇ ಇದ್ದು ಸತ್ತದ್ದೂ ನಿಜ. ಉಳಿದದ್ದು ಬಾಯಿಚಪಲ. ಒಬ್ಬಳ ಕಿವಿಗೆ ಹೇಳಿದ್ದು ಅವಳ ಹಿಂದಿದ್ದ ವರ್ಲಿನ್ ಓಕ್ಸನ ಕಿವಿಗೆ ಬಿತ್ತು. ಅವನ ಕೈಯಲ್ಲಿದ್ದ ಬರ್ಫಿ ನೆಲಕ್ಕೆ ಬಿತ್ತು.

"ಮರ್ಲ್! ಹದಿನೆಂಟು ವರ್ಷ ಕಣಯ್ಯಾ! ಹದಿನೆಂಟು ವರ್ಷ ನನ್ನ ಮುಂದೆ ಕುರ್ಚಿ ಹಾಕ್ಕೊಂಡು ಓಡಾಡ್ತಿದ್ದೀಯ, ಒಂದು ಮಾತು ಹೇಳಬಾರದಾ?"

"ನೀವ್ಯಾರೂ ಕೇಳಲೇ ಇಲ್ಲವಲ್ಲ," ಎಂದ ಮರ್ಲ್. ಆ ಮಾತು ಮಾತ್ರ ಸತ್ಯವಾಗಿತ್ತು.

ಶನಿವಾರ ಬೆಳಗ್ಗೆ ಹನ್ನೊಂದು ಕಾರುಗಳು ವಾಲ್ನಟ್ ಬೀದಿಯಲ್ಲಿ ಬಂದು ನಿಂತವು. ಮರ್ಲ್‌ನ ಜೊತೆ ಇದ್ದವಳು ವಿಧವೆ ಅಕ್ಕ ಲವೋನ್. ಬಾಗಿಲು ತೆಗೆದರೆ ಅಳತೆಪಟ್ಟಿ, ಭೂತಗನ್ನಡಿ, ಕ್ಯಾಮೆರಾ ಹಿಡಿದ ಹದಿನಾಲ್ಕು ಜನ.

"ಏನು, ಮನೆ ಮಾರ್ತಿದ್ದೀಯೇನೋ?" ಎಂದು ಅವಳು ತಮ್ಮನನ್ನು ಕೇಳಿದಳು.

ವರ್ಲಿನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅದು ಅವನ ವೃತ್ತಿಯ ಅಭ್ಯಾಸ. "ಅಮ್ಮಾ, ನಿಮ್ಮ ಸೋದರತ್ತೆ ಪುಸ್ತಕ ಓದೋಕೆ ಯಾವ ಜಾಗದಲ್ಲಿ ಕೂತ್ಕೋತಿದ್ರು?"

"ಪುಸ್ತಕಾನಾ? ಆಗ್ನೆಸ್ ಅತ್ತೇನಾ?" ಲವೋನ್ ಬಾಗಿಲಿಗೆ ಒರಗಿ ನಕ್ಕಳು. "ಆಕೆ ಪುಸ್ತಕ ಮುಟ್ಟಿದ್ದು ಒಂದೇ ಸಲ ರೀ, ಕಿಟಕಿ ಮುಚ್ಚದ ಹಾಗೆ ಅಡ್ಡ ಇಡೋಕೆ."

ವರ್ಲಿನ್ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ: 'ಮನೆಯಲ್ಲಿ ಪುಸ್ತಕಗಳಿದ್ದವು.'

"ಕಾಲು ಏನಾದ್ರೂ ನೋವಿತ್ತಾ ಆಕೆಗೆ?"

"ಎಡ ಮಂಡಿ ಹಿಡ್ಕೊಂಡಿತ್ತು. ಆದರೆ ಅದು ಅರವತ್ತನೇ ವಯಸ್ಸಲ್ಲಿ..."

"ಕೇಳಿದ್ರಾ!" ವರ್ಲಿನ್ ಹದಿಮೂರು ಜನರ ಕಡೆ ತಿರುಗಿದ. "ಕಾಲಿನ ವಿಚಾರ ಆ ಮಗುವಿಗೆ ಯಾಕೆ ಅಷ್ಟು ತಟ್ಟಿತು ಅಂತ ಈಗ ಗೊತ್ತಾಯ್ತಾ?"

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಕ್ಲೈಡ್ ಬೋಮನ್ ಬೇಲಿಯ ಮೇಲಿಂದ ಇಣುಕಿದ. ಕಾರೊಂದರ ಚಕ್ರ ಅವನ ಟೊಮೆಟೊ ಮಡಿಯ ಮೇಲಿತ್ತು.

"ಯಾರು ಸತ್ರು ಮರ್ಲ್? ಓಕ್ಸ್ ಬಂದಿದಾನಲ್ಲ."

"ಯಾರೂ ಸತ್ತಿಲ್ಲಪ್ಪ. ನಮ್ಮ ಅತ್ತೆ."

"ಅವರು ಹದಿಮೂರು ವರ್ಷದ ಹಿಂದೆ ಸತ್ರಲ್ಲೋ! ಈಗ ಎತ್ತೋಕೆ ಬಂದ್ರಾ?"

ಆ ಸಂಜೆಯೊಳಗೆ ಪುರಾವೆ ಪೂರ್ತಿಯಾಯಿತು. 1912ರ ಊರಿನ ವಿಳಾಸ ಪುಸ್ತಕದಲ್ಲಿ ಹೋಸ್ಟೆಟರ್ ಕುಟುಂಬ ವಾಲ್ನಟ್ ಬೀದಿ ಎಂದಿತ್ತು. ಅದು ಒಂದು ಕಾಗದ. ಎರಡನೆಯದಕ್ಕೆ ಎಲ್ಲರೂ ಸ್ಮಶಾನಕ್ಕೆ ನಡೆದರು. ಆಗ್ನೆಸ್‌ಳ ಹೆಸರಿದ್ದದ್ದು ಕಲ್ಲಿನ ಮೇಲೆ. ಕಲ್ಲು ಕಾಗದವಲ್ಲ ಎಂದು ಯಾರೋ ಆಕ್ಷೇಪ ಎತ್ತಿದರು. ವರ್ಲಿನ್ ಕಲ್ಲಿನ ಮೇಲೆ ತೆಳು ಹಾಳೆ ಹರಡಿ, ಮೇಣದ ಬಳಪ ಉಜ್ಜಿ, ಹೆಸರನ್ನು ಹಾಳೆಗೆ ಇಳಿಸಿಕೊಂಡ. ಈಗ ಅದೂ ಕಾಗದವಾಯಿತು. ಪುಸ್ತಕ ಬಂದದ್ದು 1908ರಲ್ಲಿ, ವಿಳಾಸ 1912ರದ್ದು ಎಂಬ ತೊಡಕನ್ನು ಅವನು ಅಲ್ಲೇ ಬಿಡಿಸಿದ.

"ಹನ್ನೆರಡರಲ್ಲಿ ಇದ್ದೋರು ಎಂಟರಲ್ಲಿ ಎಲ್ಲಿಗೆ ಹೋಗ್ತಾರ್ರೀ?"

ಮೇಯರ್ ಡ್ವೈಟ್ ಪಾರ್ಸ್ಲಿಗೆ ಸುದ್ದಿ ಮುಟ್ಟಿದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡಕ್ಕೆ ನೊರೆ ಇದ್ದ ಹಾಗೇ ಅವನು ಎದುರಿನ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದ.

"ಮರ್ಲ್, ಪಕ್ಕದ ಊರಿಗೆ ಹೇಳ್ಕೊಳ್ಳೋಕೆ ಒಂದು ಹಳೇ ಯುದ್ಧ ಇದೆ. ಆಚೆ ಊರಿಗೆ ಒಬ್ಬ ಬ್ಯಾಂಕ್ ದರೋಡೆಕೋರ ಇದಾನೆ. ನಮಗೆ ಏನಿತ್ತು ಹೇಳು? ಇಷ್ಟು ದಿನ ನಮ್ಮೂರಿನ ಹೆಸರು ಹೇಳಿದ್ರೆ ಜನ 'ಅದೆಲ್ಲಿದೆ' ಅಂತಿದ್ರು. ಇನ್ಮೇಲೆ ನಿಮ್ಮತ್ತೆ ಇದಾರೆ!"

"ಮೇಯರ್ ಸಾಹೇಬ್ರೇ, ಅವಸರ ಬೇಡ..."

"ಅವಸರ ಏನು ಬಂತು, ಅಕ್ಟೋಬರ್ ಹತ್ತೊಂಬತ್ತಕ್ಕೆ ಇಟ್ಕೊಂಡಿದೀನಿ. ಹೈಸ್ಕೂಲ್ ಬ್ಯಾಂಡ್ ಇರುತ್ತೆ. ನಿಮ್ಮನೆ ಮುಂದೆ ಕಂಚಿನ ಫಲಕ. ಅದರ ಮೇಲೊಂದು ಕೊಕ್ಕರೆ. ಒಂಟಿ ಕಾಲಲ್ಲಿ!"

ಮರ್ಲ್‌ಗೆ ಬಂದ ಬೆವರು ಆಗಸ್ಟಿನ ಸೆಕೆಯದ್ದಲ್ಲ. ಅದಾದ ಮೇಲೆ ಫೋರ್ಟ್ ವೇನ್‌ನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಆಗ್ನೆಸ್ ನನಗೂ ಅಷ್ಟೇ ಅತ್ತೆ ಕಣೋ. ಫಲಕದ ಮೇಲೆ ನನ್ನ ಹೆಸರೂ ಇರಲಿ," ಎಂದ. ಹನ್ನೆರಡು ವರ್ಷದಿಂದ ಕ್ರಿಸ್ಮಸ್ ಕಾರ್ಡನ್ನೂ ಹಾಕಿರದ ಭೂಪ ಅವನು. ಚರ್ಚಿನಲ್ಲಿ ಮುದುಕಿಯೊಬ್ಬಳು ಆಗ್ನೆಸ್ ತನ್ನ ಮುಂದೆಯೇ ಆ ಪತ್ರ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ ಎಂದಳು. ಆಕೆ ಹುಟ್ಟಿದ್ದು 1910ರಲ್ಲಿ.

ಸೆಪ್ಟೆಂಬರ್ ಮೊದಲ ವಾರ ಥೆಲ್ಮಾ ರಡಿಕ್‌ರಿಂದ ಕಾರ್ಡು ಬಂತು. ಫಲಕದ ದಿನ ಹೊರಬರುವ ಅಕ್ಟೋಬರ್ ಸಂಚಿಕೆಯ ಮೊದಲ ಪುಟ ಮರ್ಲ್‌ಗೆ ಮೀಸಲು. ಲೇಖನದ ಶಿರೋನಾಮೆ 'ನನ್ನ ಸೋದರತ್ತೆ, ಫೆಲ್ಕರನ ಆಗ್ನೆಸ್'. ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು.

ಇಪ್ಪತ್ತಾರು ವರ್ಷ ಕಾದದ್ದು ಇದಕ್ಕೇ. ಕಾರ್ಡು ಹಿಡಿದುಕೊಂಡು ಮರ್ಲ್ ಅಡುಗೆಮನೆಯಲ್ಲಿ ಕೂತ. ಖುಷಿಯಾಗಬೇಕಿತ್ತು, ಆಗಲಿಲ್ಲ. ಒಂದು ಸಲ ಅಚ್ಚಾಯಿತೆಂದರೆ ಮುಗಿಯಿತು. ನಿಜವಾದ ಆಗ್ನೆಸ್‌ಳನ್ನು ಇನ್ನು ಯಾರೂ ಹುಡುಕುವುದಿಲ್ಲ. ಆ ಕಾಲಿನ ತಪ್ಪನ್ನು ಹಿಡಿದ ಜಾಣ ಹುಡುಗಿ ಎಲ್ಲೋ ಇದ್ದಳು. ಮರ್ಲ್‌ಗೆ ಚಿಕ್ಕಂದಿನಿಂದ ಅವಳೆಂದರೆ ಅಕ್ಕರೆ. ಅವಳ ಜಾಗದಲ್ಲಿ ಕಿಟಕಿಗೆ ಪುಸ್ತಕ ಅಡ್ಡ ಇಟ್ಟ ಅತ್ತೆಯನ್ನು ತಾನೇ ತಂದು ಕೂರಿಸಿದ್ದ.

"ಹೋಗಿ ಒಪ್ಕೋ," ಎಂದಳು ಲವೋನ್, ಆಲೂಗಡ್ಡೆ ಸುಲಿಯುತ್ತ. "ಬೈತಾರೆ. ಬೈಸ್ಕೋ. ನಿನಗೇನು ಹೊಸದಾ?"

ಮರ್ಲ್ ಟೈ ಕಟ್ಟಿಕೊಂಡು ಥೆಲ್ಮಾರ ಮನೆಗೆ ಹೋದ. ಅಲ್ಲಿ ವರ್ಲಿನ್ ಕೂಡ ಕೂತು ಕರಡು ತಿದ್ದುತ್ತಿದ್ದ.

"ನಾನು ಹೇಳಿದ್ದು ಸುಳ್ಳು. ನಮ್ಮತ್ತೆ ಆ ಆಗ್ನೆಸ್ ಅಲ್ಲ. ನಾನು ಬಡಾಯಿಗೆ ಹೇಳ್ಬಿಟ್ಟೆ."

ಥೆಲ್ಮಾ ಕನ್ನಡಕ ಕೆಳಗಿಳಿಸಿದರು.

"ಪುರಾವೆ?"

"ಪುರಾವೆ ಏನು ಮೇಡಂ, ನಾನೇ ಹೇಳ್ತಿದೀನಲ್ಲ!"

"ಮಿಸ್ಟರ್ ಹೋಸ್ಟೆಟರ್, ನಿಮ್ಮತ್ತೆ ಹೌದು ಅನ್ನೋದಕ್ಕೆ ನಮ್ಮ ಹತ್ತಿರ ಎರಡು ಕಾಗದ ಇದೆ. ಅಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಎಷ್ಟಿದೆ?"

"ಒಂದೂ ಇಲ್ಲ. ಆದರೆ ನನಗೆ ಗೊತ್ತು!"

"ಗೊತ್ತಿರೋದು ಪುರಾವೆ ಅಲ್ಲ."

ವರ್ಲಿನ್ ಎದ್ದು ಬಂದು, ಸತ್ತವರ ಮನೆಯವರ ಭುಜ ಹಿಡಿಯುವ ಹಾಗೆ ಮರ್ಲ್‌ನ ಭುಜ ಹಿಡಿದ. "ಇದು ಸಂಕೋಚ ಕಣಯ್ಯಾ. ದೊಡ್ಡ ಶೋಧ ಮಾಡಿದೋರಿಗೆಲ್ಲ ಕೊನೇ ಗಳಿಗೆಯಲ್ಲಿ ಹೀಗೇ ಆಗುತ್ತೆ. ಮನೆಗೆ ಹೋಗಿ ಬಿಸಿ ಸೂಪ್ ಕುಡಿ."

"ನಾನು ಸುಳ್ಳುಗಾರ ಅಂತ ನಾನೇ ಹೇಳ್ತಿದೀನಿ, ಅದನ್ನಾದ್ರೂ ನಂಬಿ!"

"ಸುಳ್ಳುಗಾರನ ಮಾತನ್ನ ಹೇಗೆ ನಂಬೋದು?" ಎಂದರು ಥೆಲ್ಮಾ. ಮೂವತ್ತೆಂಟು ವರ್ಷ ಲ್ಯಾಟಿನ್ ಕಲಿಸಿದವರ ಜೊತೆ ತರ್ಕಕ್ಕೆ ನಿಲ್ಲುವುದು ಮೊಳೆ ಮಾರುವವನ ಕೈಲಾಗುವ ಕೆಲಸವಲ್ಲ. ಮರ್ಲ್ ಮನೆಗೆ ಬಂದು ಸೂಪ್ ಕುಡಿದ.

ಕುಡಿಯುತ್ತ ಕುಡಿಯುತ್ತ ಅವನಿಗೆ ರೇಗಿತು. ಜೀವನದಲ್ಲಿ ಮೊದಲ ಸಲ ಸರಿಯಾಗಿ ರೇಗಿತು.

"ಅಕ್ಕಾ, ಅಪ್ಪ ಚಿಕ್ಕವನಿದ್ದಾಗ ಎಲ್ಲಿದ್ರು ಅವರೆಲ್ಲ?"

"ನೆಬ್ರಾಸ್ಕಾ. ಅಲ್ಲಿನ ಗಾಳಿಗೆ ಕೋಳಿ ಹಾರಿಹೋಯ್ತು ಅಂತ ವರ್ಷಪೂರ್ತಿ ಹೇಳ್ತಿದ್ನಲ್ಲೋ. ಕೋಲ್ಬಿ ಫೋರ್ಕೋ ಏನೋ ಊರು. ಇಲ್ಲಿಗೆ ಯಾವಾಗ ಬಂದ್ರೋ ನಂಗೊತ್ತಿಲ್ಲ."

ಮರುದಿನದಿಂದ ಪೇಟನ್ಸ್‌ವಿಲ್ ಊರಿನವರು ಒಂದು ವಿಚಿತ್ರ ನೋಡಿದರು. ಮರ್ಲ್ ಹೋಸ್ಟೆಟರ್ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಜಿಲ್ಲಾ ಕಚೇರಿಗೆ ಓಡುತ್ತಿದ್ದ. ಹಳೆಯ ಪತ್ರಿಕೆಗಳ ಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ತಲೆಕೆಳಗಾಗಿ ಹಾಕಿ, ಎರಡು ದಿನ ತಾನೂ ಕತ್ತು ತಿರುಗಿಸಿಕೊಂಡೇ ಓದಿದ. ಮೂರನೆಯ ದಿನ ಗುಮಾಸ್ತೆ ಬಂದು ಸುರುಳಿ ತಿರುಗಿಸಿದಳು. ಅಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು.

"ಏನು ಹುಡುಕ್ತಿದೀರಾ?" ಎಂದು ಕೇಳಿದಳು.

"ನಮ್ಮತ್ತೆ ಇಲ್ಲಿ ಇರಲಿಲ್ಲ ಅನ್ನೋದನ್ನ."

"ಇಲ್ಲದೇ ಇರೋರು ಇಲ್ಲಿ ಬಹಳ ಜನ ಇದಾರೆ, ಟೈಮ್ ಹಿಡಿಯುತ್ತೆ," ಎಂದು ಅವಳು ಗಂಭೀರವಾಗಿ ಹೇಳಿ ಹೋದಳು.

ಅವನು ನೆಬ್ರಾಸ್ಕಾಕ್ಕೆ ಒಂಬತ್ತು ಪತ್ರ ಬರೆದ. ಚಮತ್ಕಾರ ನಡೆದದ್ದು ಇಲ್ಲಿ. ಅವನು ಕೇಳದೆಯೇ ಸಂಘದ ಜನ ಸಹಾಯಕ್ಕೆ ನಿಂತರು. ಅಯೋವಾದ ಮುದುಕರೊಬ್ಬರು ಬಸ್ಸು ಹತ್ತಿ ಕೋಲ್ಬಿ ಫೋರ್ಕಿಗೆ ಹೋದರು. ಓಹಾಯೋದ ಆ ಹೆಂಗಸು ಜನಗಣತಿಯ ಪಟ್ಟಿ ತಡಕಿದಳು. ಆಗ್ನೆಸ್ ಹೌದೋ ಅಲ್ಲವೋ, ಅವರಿಗೆ ಎರಡೂ ಒಂದೇ. ಹುಡುಕುವುದಕ್ಕೆ ಏನೋ ಒಂದು ಸಿಕ್ಕಿತಲ್ಲ! ಮರ್ಲ್‌ಗೆ ದಿನಾ ಪತ್ರ ಬರತೊಡಗಿತು. 'ಪ್ರಿಯ ಸಹಸಂಶೋಧಕರೇ' ಎಂದು ಶುರುವಾಗುವ ಪತ್ರಗಳು. ಸಂಬೋಧನೆಯನ್ನೇ ಅವನು ಎರಡೆರಡು ಸಲ ಓದಿಕೊಳ್ಳುತ್ತಿದ್ದ.

ಫಲಕದ ದಿನಕ್ಕೆ ಆರು ದಿನ ಉಳಿದಿರುವಾಗ ಸಂಘದ ತುರ್ತು ಸಭೆ ಸೇರಿತು. ಕುರ್ಚಿಗಳನ್ನು ಮರ್ಲ್‌ನೇ ಹಾಕಿದ. ಆಮೇಲೆ ಕಾಫಿ ಕಾಯಿಸಿದ. ಆಮೇಲೆ ಎಪ್ರನ್ ಕಳಚಿ ಮುಂದೆ ಹೋಗಿ ನಿಂತ. ಮೇಯರ್ ಮುಂದಿನ ಸಾಲಿನಲ್ಲಿ ಕೂತಿದ್ದ. ಮರ್ಲ್ ಕೋಲ್ಬಿ ಫೋರ್ಕಿನಿಂದ ಬಂದ ಎರಡು ನಕಲುಗಳನ್ನು ಜೇಬಿನಿಂದ ತೆಗೆದ.

"ಮೊದಲನೇ ಕಾಗದ. ಕೋಲ್ಬಿ ಫೋರ್ಕ್ ಶಾಲೆಯ ಹಾಜರಿ ಪುಸ್ತಕ, 1908. ಆಗ್ನೆಸ್ ಹೋಸ್ಟೆಟರ್, ವಯಸ್ಸು ಒಂಬತ್ತು. ಷರಾ..." ಅವನು ಕೆಮ್ಮಿದ. "ಷರಾ ಹೀಗಿದೆ. 'ಈ ಹುಡುಗಿ ಓದಲು ಕಲಿತಿಲ್ಲ. ಕಲಿಯುವ ಇರಾದೆಯೂ ಕಾಣುವುದಿಲ್ಲ. ಒಂದನೇ ತರಗತಿಯಲ್ಲೇ ಮೂರನೇ ವರ್ಷ.'"

ಹಿಂದಿನ ಸಾಲಿನಲ್ಲಿ ಲವೋನ್ ಕೈಚೀಲ ತಟ್ಟಿ ನಕ್ಕಳು.

"ಎರಡನೇ ಕಾಗದ. ಅದೇ ಊರಿನ ಚರ್ಚಿನ ದಾಖಲೆ, 1911ರ ಮಾರ್ಚ್. ಹೋಸ್ಟೆಟರ್ ಕುಟುಂಬ ಇಂಡಿಯಾನಾಕ್ಕೆ ಹೊರಟಿದ್ದಕ್ಕೆ ಬೀಳ್ಕೊಡುಗೆ ಊಟ. ಪುಸ್ತಕ ಬಂದಾಗ ನಮ್ಮತ್ತೆ ವಾಲ್ನಟ್ ಬೀದಿಯನ್ನ ಕಣ್ಣಲ್ಲೂ ನೋಡಿರಲಿಲ್ಲ."

ಥೆಲ್ಮಾ ಎರಡೂ ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದರು, ತಿರುಗಿಸಿದರು, ಮುದ್ರೆ ನೋಡಿದರು. ಮರ್ಲ್ ಕಣ್ಣುಮುಚ್ಚಿ ನಿಂತಿದ್ದ. ಇನ್ನು ತಾನು ಸಂಘದಿಂದ ಹೊರಗೆ ಎಂದು ಅವನಿಗೆ ಖಾತ್ರಿಯಾಗಿತ್ತು.

"ಎರಡು ಕಾಗದ. ಎರಡೂ ಸರಿಯಾಗಿವೆ," ಎಂದರು ಥೆಲ್ಮಾ. "ಸಂಘ ಒಪ್ಪಿದೆ. ಫೆಲ್ಕರನ ಆಗ್ನೆಸ್, ಆಗ್ನೆಸ್ ಹೋಸ್ಟೆಟರ್ ಅಲ್ಲ."

ಚಪ್ಪಾಳೆಯೋ ಚಪ್ಪಾಳೆ! ವರ್ಲಿನ್ ಓಕ್ಸ್ ಅಳುತ್ತ ಬಂದು ತಬ್ಬಿಕೊಂಡ. "ದೇವರು ದೊಡ್ಡವನು ಕಣಯ್ಯಾ! ಆಗ್ನೆಸ್ ಸಿಕ್ಕಿದ ಮೇಲೆ ನಂಗೆ ಬೆಳಗ್ಗೆ ಏಳೋಕೇ ಮನಸ್ಸಾಗ್ತಿರಲಿಲ್ಲ. ಇನ್ನು ಮತ್ತೆ ಹುಡುಕಬಹುದು!"

ಕಂಗಾಲಾಗಿದ್ದವನು ಮೇಯರ್ ಒಬ್ಬನೇ. "ಫಲಕ ಎರಕ ಹೊಯ್ದಾಗಿದೆ ರೀ! 'ಆಗ್ನೆಸ್ ಈ ಮನೆಯಲ್ಲಿದ್ದಳು' ಅಂತ ಇದೆ. ಕೊನೇಲಿ 'ಆದರೆ ಆಮೇಲೆ' ಅಂತ ಸೇರಿಸೋಕೆ ಜಾಗ ಸಿಗುತ್ತಾ?"

"ಕೊಕ್ಕರೆ ಬಾಲದ ಕೆಳಗೆ ಹಿಡಿಸುತ್ತೆ," ಎಂದ ಕ್ಲೈಡ್ ಬೋಮನ್. ಟೊಮೆಟೊ ಹೋದ ಮೇಲೆ ಅವನು ಒಂದು ಸಭೆಯನ್ನೂ ತಪ್ಪಿಸಿರಲಿಲ್ಲ.

ಅಕ್ಟೋಬರ್ ಸಂಚಿಕೆ ನಿಂತುಹೋಗಿ, ನವೆಂಬರಿನಲ್ಲಿ 'ಬಾವಿಕಟ್ಟೆ' ಬಂತು. ಮೊದಲ ಪುಟದಲ್ಲಿ 'ಆಗ್ನೆಸ್ ಹೋಸ್ಟೆಟರ್ ಯಾಕಲ್ಲ'. ಕೆಳಗೆ ದಪ್ಪ ಅಕ್ಷರದಲ್ಲಿ ಮರ್ಲ್‌ನ ಹೆಸರು. ಅವನು ಅಂಗಡಿಗೆ ರಜೆ ಹಾಕಿದ. ಆದರೆ ಜೊತೆಗೊಂದು ಸಂಪಾದಕೀಯ ಟಿಪ್ಪಣಿ ಇತ್ತು. 'ಯಾರೋ ಒಬ್ಬ ಸದಸ್ಯರು ಬೇಜವಾಬ್ದಾರಿಯಿಂದ ಹಬ್ಬಿಸಿದ ಕಟ್ಟುಕಥೆಯನ್ನು ಶ್ರೀ ಹೋಸ್ಟೆಟರ್ ಅವರು ಹಗಲಿರುಳು ದುಡಿದು, ತಮ್ಮ ಮನೆತನದ ಕೀರ್ತಿಯನ್ನೂ ಲೆಕ್ಕಿಸದೆ ಬಯಲಿಗೆಳೆದಿದ್ದಾರೆ.'

ಮರ್ಲ್ ಫೋನ್ ಎತ್ತಿಕೊಂಡ. "ಮೇಡಂ, ಆ ಬೇಜವಾಬ್ದಾರಿ ಸದಸ್ಯ ನಾನೇ! ನಿಮ್ಮ ಮುಂದೇನೇ ಒಪ್ಕೊಂಡಿದ್ನಲ್ಲ!"

"ಜುಲೈ ಸಭೆಯ ನಡಾವಳಿಯಲ್ಲಿ 'ಒಬ್ಬ ಸದಸ್ಯರು ಹೇಳಿದರು' ಅಂತ ಮಾತ್ರ ಇದೆ. ನೀವೇ ಅನ್ನೋದಕ್ಕೆ ಕಾಗದ ಇದ್ದರೆ ಕಳಿಸಿ," ಎಂದು ಥೆಲ್ಮಾ ಫೋನ್ ಇಟ್ಟರು.

ಸುಮ್ಮನಿರಬಹುದಿತ್ತು. ಹೆಸರು ಬಂದಿತ್ತು, ಹೊಗಳಿಕೆ ಬಂದಿತ್ತು. ಆದರೆ ಸುಮ್ಮನಿರಲು ಅವನು ಈಗ ಹಳೆಯ ಮರ್ಲ್ ಅಲ್ಲ, ಸಂಶೋಧಕ. ತಪ್ಪು ಅಚ್ಚಾದದ್ದನ್ನು ನೋಡಿಕೊಂಡು ಕೂರುವುದು ಅವನಿಂದ ಆಗಲಿಲ್ಲ. ಹಾಳೆ ತೆಗೆದುಕೊಂಡು 'ಸುಳ್ಳು ಹೇಳಿದವನು ನಾನು' ಎಂದು ಬರೆದು, ರುಜು ಹಾಕಿ, ತಾರೀಖು ಬರೆದ. ಬರೆದು ತಲೆ ಮೇಲೆ ಕೈಹೊತ್ತು ಕೂತ.

"ಏನಾಯ್ತೋ?" ಎಂದಳು ಲವೋನ್.

"ಇದು ಒಂದೇ ಕಾಗದ ಅಕ್ಕಾ."

ಲವೋನ್ ಕೈಯನ್ನು ಎಪ್ರನ್ನಿಗೆ ಒರೆಸಿಕೊಂಡು ಎದುರಿಗೆ ಕೂತಳು. "ಪೆನ್ನು ಇಲ್ಲಿ ಕೊಡು. ನೀನು ಸುಳ್ಳ ಅಂತ ಬರೆದುಕೊಡೋಕೆ ಐವತ್ತು ವರ್ಷದಿಂದ ಕಾಯ್ತಿದೀನಿ."

1922ರಲ್ಲಿ ಪ್ಲಮ್ ಜಾಮ್ ತಿಂದವರು ಯಾರು ಎಂಬಲ್ಲಿಂದ ಅವಳು ಶುರುಮಾಡಿದಳು. ಊಟದ ಹೊತ್ತಿಗೆ ಹಾಳೆಗಳು ಮುಗಿದವು. ಮರ್ಲ್ ಅಂಗಡಿಗೆ ಹೋಗಿ ಇನ್ನೊಂದು ಕಟ್ಟು ತಂದ.

ಜನವರಿ ಸಂಚಿಕೆಯ ಮೊದಲ ಪುಟ, ಎರಡನೆಯ ಪುಟ, ಮೂರನೆಯ ಪುಟ ಪೂರ್ತಿ ಲವೋನ್‌ಳದ್ದು. ಆಕೆ ಸಂಘದ ಸದಸ್ಯಳಲ್ಲ, ಫೆಲ್ಕರನ ಒಂದು ಸಾಲನ್ನೂ ಓದಿದವಳಲ್ಲ. ಪುರಾವೆ ಅಷ್ಟು ಗಟ್ಟಿಯಾಗಿತ್ತು. ಕ್ಲೈಡ್ ಬೇಲಿಯ ಮೇಲಿಂದ ಅದನ್ನು ಗಟ್ಟಿಯಾಗಿ ಓದಿ ಬೀದಿಗೆಲ್ಲ ಕೇಳಿಸಿದ.

"ನಾಚಿಕೆ ಆಗಲ್ವೇನೋ ನಿಂಗೆ?" ಎಂದು ಓದಿ ಮುಗಿಸಿ ಕೇಳಿದ.

ಮರ್ಲ್ ಅವನ ಕೈಯಿಂದ ಪತ್ರಿಕೆ ತೆಗೆದುಕೊಂಡು, ಬೆರಳಿಟ್ಟು ನಿಧಾನವಾಗಿ ಎಣಿಸಿದ. ಲೇಖನದಲ್ಲಿ ಅವನ ಹೆಸರು ನಲವತ್ತೊಂದು ಸಲ ಅಚ್ಚಾಗಿತ್ತು.